ನಮ್ಮ ಹವಾಲ್ದಾರರು ಹುಟ್ಟಾ ಸಾಧು ಅಲ್ಲ

ಕಳೆದ ತಿಂಗಳು ರಾಣೇಬೆನ್ನೂರಿನ ಚರ್ಚಿನ ಸಭಾಂಗಣದಲ್ಲಿ ನಮ್ಮ ಹವಾಲ್ದಾರರ ಸ್ಮರಣೆಯ ಸಭೆ ಇತ್ತು. ಮಣ್ಣು ಮಾಡಿ ವಾರವಾಗಿತ್ತು. ಮೈಕಿನ ಮುಂದೆ ಬಂದವರೆಲ್ಲ ಒಂದೇ ಮಾತು ಆಡಿದರು. ಹುಟ್ಟಾ ಸಾಧು, ಇರುವೆಗೂ ನೋವು ಮಾಡಿದವರಲ್ಲ, ಅಂಥ ಮೃದು ಮನುಷ್ಯ ಪೊಲೀಸ್ ಖಾತೆಯಲ್ಲಿ ಅದು ಹೇಗೆ ದಿನ ನೂಕಿದರೋ ಎಂದರು. ಇಲಾಖೆಯಿಂದ ಬಂದಿದ್ದವಳು ನಾನೊಬ್ಬಳೇ. ಕಾರ್ಯಕ್ರಮ ನಡೆಸುತ್ತಿದ್ದವರು ನನ್ನ ಕಡೆ ನೋಡಿ, "ಮೇಡಂ, ನೀವೂ ಎರಡು ಮಾತು ಹೇಳ್ರಿ" ಅಂದರು.

ಎದ್ದು ಹೋಗಿ ಮೈಕು ಹಿಡಿದೆ. "ನೀವೆಲ್ಲಾ ಹೇಳಿದ್ದು ಸುಳ್ಳರಿ. ಅವರು ಸಾಧು ಆಗಿರಲಿಲ್ಲ. ಭಾಳ ಹೊಡೀತಿದ್ರು."

ಮುಂದಿನ ಸಾಲಿನ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸತೊಡಗಿದರು. ಹವಾಲ್ದಾರರ ಹೆಂಡತಿ ಮಾತ್ರ ತಲೆ ಎತ್ತಿ, "ಖರೇನ ಐತಿ. ಹೇಳವ್ವಾ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಾರ್ಮೋನಿಯಂ ಶುರುವಾಯಿತು, ಎಲ್ಲರೂ ಎದ್ದು ನಿಂತು ಹಾಡಿದರು. ಅಲ್ಲಿ ಹೇಳಲು ಬಿಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಮತ್ತೆ ಹಾರ ಹಾಕುವವರು ಬರುತ್ತಾರೆ. ನಾವು ಕೂಡಿ ಕೆಲಸ ಮಾಡಿದ ಠಾಣೆಯ ಹೆಸರೂ ಬೇಡ. ನಾನು ಕ್ರೈಸ್ತಳಲ್ಲ. ಮನೆಯಲ್ಲಿ ಲಿಂಗಪೂಜೆ ಮುಗಿಸಿಯೇ ಡ್ಯೂಟಿಗೆ ಹೊರಡುವವಳು. ಆದರೆ ಒಬ್ಬ ಮನುಷ್ಯ ಇಂಚಿಂಚು ಗುದ್ದಾಡಿ ಗಳಿಸಿದ್ದನ್ನು ಹುಟ್ಟಿನಿಂದಲೇ ಬಂದದ್ದು ಅಂತ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ನಾನು ಹೊಸದಾಗಿ ನೌಕರಿಗೆ ಸೇರಿ ಆ ಠಾಣೆಗೆ ಬಂದಾಗ ಅವರು ಹೊಡೆಯುವುದನ್ನು ಬಿಟ್ಟು ಕೆಲವು ತಿಂಗಳಾಗಿತ್ತು. ಆದರೆ ಅವರ ಕೈಯ ಕೀರ್ತಿ ಇನ್ನೂ ಠಾಣೆಯ ತುಂಬ ಓಡಾಡುತ್ತಿತ್ತು. ಲಾಠಿ ಮುಟ್ಟುತ್ತಿರಲಿಲ್ಲವಂತೆ, ಅಂಗೈಯೇ ಸಾಕಿತ್ತಂತೆ. ಕಿವಿಯೂ ದವಡೆಯೂ ಕೂಡುವಲ್ಲಿ ಒಂದು ಬಿಟ್ಟರೆ ಮಾಡಿದವನೂ ಒಪ್ಪುತ್ತಿದ್ದ, ಮಾಡದವನೂ ಒಪ್ಪುತ್ತಿದ್ದ. ಹಳಬರು ಇದನ್ನು ಪೈಲ್ವಾನರ ಕಥೆಯ ಹಾಗೆ ಹೊಸಬರಿಗೆ ಹೇಳುತ್ತಿದ್ದರು. ಕೊನೆಗೆ ದನಿ ಇಳಿಸಿ, "ಈಗ ಪಾದ್ರಿ ಆಗ್ಯಾನ, ಕೈ ಸತ್ತೈತಿ" ಅಂತ ನಗುತ್ತಿದ್ದರು.

ಎತ್ತರದ ಆಳು. ಮೀಸೆಗೆ ಪ್ರತಿ ಶನಿವಾರ ಕಪ್ಪು ಹಚ್ಚಿಕೊಳ್ಳುವ ಶೋಕಿ. ಚಹಾ ತೆಳ್ಳಗಿದ್ದರೆ ಚಹಾದವನ ಮನೆತನವನ್ನೆಲ್ಲ ಹಿಡಿದು ಬಯ್ಯುವ ಬಾಯಿ. ಭಾನುವಾರ ಚರ್ಚಿಗೆ ಹೋಗಲು ಬಿಡುವು ಸಿಗದಿದ್ದರೆ ಸೆಂಟ್ರಿ ಡ್ಯೂಟಿಯಲ್ಲೇ ನಿಂತು ಕೀರ್ತನೆ ಹಾಡುತ್ತಿದ್ದರು. ಸ್ವರ ಒಂದೂ ನೆಟ್ಟಗೆ ಹತ್ತುತ್ತಿರಲಿಲ್ಲ. ಸಿಟ್ಟು ಬಂದಾಗ ಅವರದೊಂದು ಭಂಗಿ ಇತ್ತು. ಎರಡೂ ಕೈ ಬೆನ್ನ ಹಿಂದೆ ಒಯ್ದು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತಿದ್ದರು, ಕೈದಿಯನ್ನು ಹಿಡಿದುಕೊಂಡು ಕೋರ್ಟಿಗೆ ಹೊರಟವರ ಹಾಗೆ.

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಹಂಗಾಮು ಜೋರಿದ್ದಾಗ ನಮ್ಮಿಬ್ಬರನ್ನೂ ಅಲ್ಲಿ ಲಾರಿ ಸಾಲು ನೋಡುವ ಬಂದೋಬಸ್ತಿಗೆ ಹಾಕಿದ್ದರು. ಹೊಸಬರು ಅಲ್ಲಿ ನಿಂತರೆ ಕಣ್ಣು ಮೂಗು ಎರಡೂ ಸುರಿಯುತ್ತವೆ. ನಾನು ಕೆಮ್ಮಿ ಕೆಮ್ಮಿ ಸುಸ್ತಾಗಿ ಅವರ ಪಕ್ಕದ ಚೀಲದ ಮೇಲೆ ಕೂತೆ. ಏನೋ ಮಾತಿಗೆ ಮಾತು ಬಂದು, "ಸರ್, ನೀವು ಹೊಡಿಯೂದು ಯಾಕ ಬಿಟ್ರಿ?" ಅಂತ ಕೇಳಿಬಿಟ್ಟೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ.

"ತಂಗೀ, ನಮ್ಮದು ಅಜ್ಜನ ಕಾಲದಿಂದ ಕ್ರಿಶ್ಚನ್ ಮನಿ. ವರ್ಷಾ ವರ್ಷಾ ಗುಡ್ ಫ್ರೈಡೇ ದಿನ ಚರ್ಚಿನ್ಯಾಗ ಕುಂತು, ಯೇಸುಸ್ವಾಮಿನ್ನ ಶಿಲುಬಿಗೆ ಹಾಕಿದ ಕಥಿ ಕೇಳಿ, ಕಣ್ಣೀರು ಒರಸ್ಕೊಂಡು ಮನಿಗೆ ಬರ್ತಿದ್ದೆ. ಆ ವರ್ಷ ಡ್ಯೂಟಿ ಮುಗಿಸಿ ಯೂನಿಫಾರ್ಮ್ ಮ್ಯಾಲೇ ಹೋಗಿ ಹಿಂದ ಕುಂತಿದ್ದೆ. ಪಾಸ್ಟರ್ ಓದಾಕತ್ತಿದ್ರು. ಸ್ವಾಮಿನ್ನ ಹಿಡಕೊಂಡು ಹೋದ್ರು. ಕಾವಲಿನವ್ರು ಕಣ್ಣಿಗೆ ಬಟ್ಟಿ ಕಟ್ಟಿ ಕಪಾಳಕ್ಕ ಹೊಡದ್ರು, ಹೊಡದಾವ್ರು ಯಾರು ಹೇಳು ನೋಡೂಣು ಅಂತ ನಕ್ರು. ಹೊಡದಾವ್ರು ಯಾರಂತ ನನಗ ಗೊತ್ತಿತ್ತಲ್ಲ! ನಮ್ಮವ್ರು. ಡ್ಯೂಟಿ ಮ್ಯಾಲಿದ್ದಾವ್ರು. ಇಷ್ಟು ವರ್ಷ ನಾನು ಶಿಷ್ಯರ ಸಾಲಿನ್ಯಾಗ ಕುಂತೇನಿ ಅಂತ ತಿಳಕೊಂಡಿದ್ದೆ. ಅಲ್ಲ. ನಾನು ಆ ಕಡೆ ಪಹರೇದಾಗ ಇದ್ದೆ."

ಮುಂದೆ ಈಸ್ಟರ್ ದಿನ, ಯೇಸುವಿನ ದೇಹವೆಂದು ಕೊಡುವ ಪವಿತ್ರ ಭೋಜನದ ರೊಟ್ಟಿ ತೆಗೆದುಕೊಳ್ಳಲು ಸಾಲಿನಲ್ಲಿ ನಿಂತು ಕೈ ಚಾಚಿದರಂತೆ. ಚಾಚಿದ್ದು ಅದೇ ಬಲಗೈ. ಹಿಂದಕ್ಕೆ ಎಳೆದುಕೊಂಡು ಹೊರಗೆ ಬಂದುಬಿಟ್ಟರಂತೆ. ಅಂದಿನಿಂದ ಆ ರೊಟ್ಟಿ ಮುಟ್ಟಿರಲಿಲ್ಲ.

"ಅವನಂಗ, ಆ ಸ್ವಾಮಿ ಹಂಗ ಆಗಬೇಕು ಅಂತ ಹಾಡ್ತೀವಿ ತಂಗೀ, ಬಾಯಿ ಹರಿಯೂ ಹಂಗ. ಆಗೂದು ಅಂದ್ರ ಏನು ಅಂತ ಯಾರೂ ಹೇಳಿಕೊಡೂದಿಲ್ಲ. ನಾ ಕೈಯಿಂದ ಶುರು ಮಾಡೇನಿ."

ಕೈ ಸುಮ್ಮನೆ ಬಗ್ಗಲಿಲ್ಲ. ಒಂದು ಸಂಜೆ ಕುಡಿದು ಗಲಾಟೆ ಮಾಡಿದವನೊಬ್ಬನನ್ನು ಕರೆತಂದಿದ್ದರು. ಅವನು ನನ್ನನ್ನು ನೋಡಿ ಬಾಯಿಗೆ ಬಂದದ್ದು ಅಂದ. ಹವಾಲ್ದಾರರು ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದರು. ಕೈ ಮೇಲೆ ಹೋಯಿತು. ಇಡೀ ಠಾಣೆ, ಬಂತು ನೋಡು ಹಳೇ ಕೈ ಅಂತ ಕಣ್ಣರಳಿಸಿತು. ಕೈ ಗಾಳಿಯಲ್ಲೇ ತಿರುಗಿ ಪಕ್ಕದ ಕಬ್ಬಿಣದ ಕಪಾಟಿಗೆ ಬಡಿಯಿತು. ಕಪಾಟು ನೆಗ್ಗಿತು, ಅವರ ಬೆರಳು ಬಾತುಕೊಂಡವು. ಆಮೇಲೆ ಆ ಕುಡುಕನನ್ನು ಕೂಡಿಸಿ, ಕುಡಿಯಲು ನೀರು ಕೊಟ್ಟು, ಕೇಳಿದವರು ಕಿವಿ ಮುಚ್ಚಿಕೊಳ್ಳುವಂತೆ ಬೈದರು. ಮರುದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದವರು, "ನಮ್ಮ ಮನಿಯಾಕಿ ನಿನ್ನೆ ಏನಂದ್ಲು ಗೊತ್ತೈತೇನು? ಕೈ ಶಿಷ್ಯ ಆಗೈತಿ, ಬಾಯಿ ಇನ್ನೂ ಆಗಿಲ್ಲ ಅಂದ್ಲು" ಅಂತ ತಾವೇ ನಕ್ಕರು. ಅಂದಿನಿಂದ ಡ್ಯೂಟಿ ಮುಗಿಸಿ ಹೊರಡುವಾಗ "ಇವತ್ತು ಹೆಂಗ್ರಿ ಸರ್?" ಅಂತ ನಾನು ಕೇಳುವುದು, "ಕೈ ಪಾಸು, ಬಾಯಿ ಫೇಲು" ಅಂತ ಅವರು ಹೇಳುವುದು ರೂಢಿಯಾಯಿತು.

ಇದು ನಗುವ ಮಾತಲ್ಲ ಅನ್ನುವುದು ಗೊತ್ತಾದದ್ದು ಒಬ್ಬ ಹಮಾಲನನ್ನು ಹಿಡಿದು ತಂದ ದಿನ. ವ್ಯಾಪಾರಿಯೊಬ್ಬರ ಮನೆಯಲ್ಲಿ ಬಂಗಾರ ಕಾಣೆಯಾಗಿತ್ತು, ಹಿಂದಿನ ದಿನ ಅಲ್ಲಿ ಮೂಟೆ ಇಳಿಸಿದ್ದವನು ಇವನು. ಬೇರೆ ಪುರಾವೆ ಇರಲಿಲ್ಲ. ವ್ಯಾಪಾರಿ ಪಿಎಸ್‌ಐ ಸಾಹೇಬರ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಮೇಲಿನಿಂದ ಫೋನಿನ ಮೇಲೆ ಫೋನು. ಸಾಹೇಬರು ಹೊರಗೆ ಬಂದು, "ಹವಾಲ್ದಾರ್ರ, ನಿಮ್ಮ ಹಳೇ ಕೈ ಒಂದು ತೋರಸ್ರಿ" ಅಂದರು.

"ವಿಚಾರಣೆ ಮಾಡ್ತೇನ್ರಿ ಸರ್. ಹೊಡಿಯೂದಿಲ್ಲ."

"ನಾ ಆರ್ಡರ್ ಮಾಡಾಕತ್ತೇನಿ."

"ಹಂಗಾರ ಬರದು ಕೊಡ್ರಿ ಸರ್. ಇಂಥಾವನ್ನ ಹೊಡಿ ಅಂತ ಬರದು ಸಹಿ ಮಾಡ್ರಿ."

ಸಾಹೇಬರ ಮುಖ ಕೆಂಪಾಯಿತು. "ನಿಮ್ಮ ಧರ್ಮ ಮನ್ಯಾಗ ಇಟ್ಟು ಬರ್ರಿ!"

"ಇಷ್ಟು ವರ್ಷ ಮನ್ಯಾಗ ಇಟ್ಟೇ ಬಂದೇನ್ರಿ ಸರ್. ಅದಕ್ಕ ಎಲ್ಲಾ ಹಾಳಾಗಿದ್ದು."

ಸಾಹೇಬರು ಇನ್ನೊಬ್ಬ ಪೇದೆಗೆ ಕಣ್ಣು ಮಾಡಿದರು. ಆತ ಲಾಠಿ ಎತ್ತಿಕೊಂಡ. ಹವಾಲ್ದಾರರು ಹೋಗಿ ಆ ಹಮಾಲನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟರು, ಯೂನಿಫಾರ್ಮಿನಲ್ಲೇ, ಚಕ್ಕಳಮಕ್ಕಳ ಹಾಕಿ. "ಹೊಡಿಯೂದಾದ್ರ ನನ್ನ ಮುಂದ ಹೊಡೀರಿ. ನಾ ಎಲ್ಲಾ ನೋಡಿ ನೆನಪಿಟ್ಟಕೊಂತೇನಿ. ಕೋರ್ಟಿನ್ಯಾಗ ಕೇಳಿದ್ರ ಇದ್ದದ್ದು ಇದ್ದಂಗ ಹೇಳ್ತೇನಿ."

ಪೇದೆ ಸಾಹೇಬರ ಮುಖ ನೋಡಿದ, ಸಾಹೇಬರು ವ್ಯಾಪಾರಿಯ ಮುಖ ನೋಡಿದರು. ನಾನು ಮುಂದೆ ಹೋಗಿ ಪೇದೆಯ ಕೈಯಿಂದ ಲಾಠಿ ತೆಗೆದುಕೊಂಡು ಗೋಡೆಯ ಗೂಟಕ್ಕೆ ತೂಗುಹಾಕಿದೆ. ಆತ ಬಿಟ್ಟುಕೊಟ್ಟ. ಅವನಿಗೂ ಅದೇ ಬೇಕಾಗಿತ್ತೋ ಏನೋ. ಸಂಜೆಯೊಳಗೆ ಹಮಾಲ ಮನೆಗೆ ಹೋದ. ಬಂಗಾರ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಹವಾಲ್ದಾರರನ್ನು ಮಾತ್ರ ಹಾವೇರಿಗೆ ಕೋರ್ಟ್ ಡ್ಯೂಟಿಗೆ ಒಗೆದರು. ಕೆಲಸ ಬಾರದವರನ್ನು ಹಾಕುವ ಜಾಗ ಅಂತ ನಮ್ಮಲ್ಲಿ ಅದಕ್ಕೆ ಹೆಸರು.

ಮುಂದೆ ನನಗೂ ಹಾವೇರಿಗೆ ವರ್ಗವಾಯಿತು. ಕೋರ್ಟಿನ ಆವರಣದ ಬೇವಿನ ಮರದ ಕೆಳಗೆ ಮತ್ತೆ ನಮ್ಮ ಚಹಾ ಶುರುವಾಯಿತು. ಮೀಸೆಗೆ ಕಪ್ಪು ಹಚ್ಚುವುದು ನಿಂತಿತ್ತು. ಅಲ್ಲಿ ಅವರು ನನಗೆ ಫಕ್ಕೀರಪ್ಪನ ವಿಷಯ ಹೇಳಿದರು.

ಐರಣಿ ಕಡೆ, ಹೊಳೆದಂಡೆಯ ಒಂದು ಹಳ್ಳಿಯವನು ಫಕ್ಕೀರಪ್ಪ. ಮಂದಿಯ ಹೊಲಕ್ಕೆ ನೀರು ಹಾಯಿಸುವ ಕೆಲಸ ಮಾಡುತ್ತಿದ್ದ. ಬಹಳ ಹಿಂದೆ ಹೊಳೆಗೆ ಹಚ್ಚಿದ್ದ ಪಂಪ್‌ಸೆಟ್ಟುಗಳು ಒಂದರ ಮೇಲೊಂದು ಕಳುವಾದಾಗ ಇವನನ್ನು ಹಿಡಿದರು. ನಮ್ಮ ಹವಾಲ್ದಾರರ ಅಂಗೈ ಅವನ ಎಡಗಿವಿಗೆ ಬಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ. ನಾನೇ ಕದ್ದೆ ಅಂತ ಅವನು ಒಪ್ಪಿದ, ಜೈಲಿಗೂ ಹೋದ. ಆಮೇಲೆ ಬೇರೆ ಜಿಲ್ಲೆಯಲ್ಲಿ ಕಳ್ಳರ ಗುಂಪೊಂದು ಮೋಟರು ಸಮೇತ ಸಿಕ್ಕಿಬಿತ್ತು, ಕೋರ್ಟು ಇವನನ್ನು ಬಿಟ್ಟಿತು. ಊರು ಮಾತ್ರ ಬಿಡಲಿಲ್ಲ. ತಾನೇ ಒಪ್ಪಿದ್ದನಲ್ಲ, ಬೆಂಕಿ ಇಲ್ಲದೆ ಹೊಗೆ ಏಳುತ್ತದೆಯೇ ಅಂದಿತು. ಅವನಿಗೆ 'ಮೋಟರ್ ಫಕ್ಕೀರ' ಅಂತ ಹೆಸರು ಬಿತ್ತು. ಯಾರೂ ತಮ್ಮ ಹೊಲಕ್ಕೆ ಕರೆಯದಾದಾಗ ಕುಮಾರಪಟ್ಟಣದ ಕಡೆ ಲಾರಿ ತುಂಬುವ ಕೂಲಿಗೆ ಹೋಗತೊಡಗಿದ.

ಹವಾಲ್ದಾರರು ಮಾಫಿ ಕೇಳಲು ಅವನ ಮನೆಗೆ ಹೋಗುತ್ತಿದ್ದರು. ಅವರು ಮುಂಬಾಗಿಲಿಗೆ ಬಂದರೆ ಅವನು ಹಿತ್ತಲಿನಿಂದ ಹೊರಟುಹೋಗುತ್ತಿದ್ದ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋದರು, ಹೆಣ್ಣುಮಗಳು ಜೊತೆಗಿದ್ದರೆ ಕೂಡಿಸಿ ಮಾತಾಡಿಸಿಯಾರು ಅನ್ನುವ ಆಸೆಯಿಂದ. ಬಸ್ಸಿನಲ್ಲಿ ಅಂದರು: "ಸ್ವಾಮಿನ್ನ ಹಿಡಿಯಾಕ ಬಂದಾಗ ಶಿಷ್ಯ ಒಬ್ಬಾಂವ ಕತ್ತಿ ಹಿರದು ಒಬ್ಬನ ಕಿವಿ ಕಡದಾ. ಸ್ವಾಮಿ ಮುಟ್ಟಿ ವಾಸಿ ಮಾಡ್ದ. ನನಗ ಕಿವಿ ಕಡಿಯಾಕ ಅಷ್ಟ ಬರ್ತೈತಿ ತಂಗೀ, ವಾಸಿ ಮಾಡಾಕ ಬರೂದಿಲ್ಲ."

ಅಂದೂ ಫಕ್ಕೀರಪ್ಪ ಸಿಗಲಿಲ್ಲ. ಅವನ ಹೆಂಡತಿ ಗಂಗವ್ವ ಬಾಗಿಲಲ್ಲಿ ನಿಂತಳು. ನೀರು ಕೊಟ್ಟಳು. ಕೂಡ್ರಿ ಅನ್ನಲಿಲ್ಲ.

"ಸಾಹೇಬ್ರ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವು ಬಂದು ಹೋದ ಮ್ಯಾಲೆ ನಮ್ಮನಿಯವ್ರು ಊಟಾ ಮಾಡೂದಿಲ್ಲ, ಮಲಗೂದಿಲ್ಲ. ನಿಮ್ಮ ಮನಸಿಗೆ ಸಮಾಧಾನ ಆಗಲಿ ಅಂತ ಅವ್ರ ನಿದ್ದಿ ಯಾಕ ಕೆಡಸ್ತೀರಿ? ಅವ್ರು ಕದ್ದಿಲ್ಲ ಅನ್ನೂದು ನಮಗ ಗೊತ್ತೈತಿ. ನಮಗ ಹೇಳಿ ಏನು ಉಪಯೋಗ? ಗೊತ್ತಿಲ್ಲದಾವ್ರಿಗೆ ಹೋಗಿ ಹೇಳ್ರಿ."

ಹವಾಲ್ದಾರರು ಲೋಟ ಕೆಳಗಿಟ್ಟು ಎರಡೂ ಕೈ ಜೋಡಿಸಿದರು. "ಇನ್ನ ನಿಮ್ಮ ಬಾಗಲಿಗೆ ಬರೂದಿಲ್ಲವ್ವಾ" ಅಂದರು. ರಾಣೇಬೆನ್ನೂರಿನಲ್ಲಿ ಬಸ್ ಇಳಿದ ಮೇಲೆ, "ಎಂಥೆಂಥಾ ಪಾಸ್ಟರ್ ಉಪದೇಶ, ಪ್ರಸಂಗ ಕೇಳೇನಿ. ಇವತ್ತಿನ ಪ್ರಸಂಗ ಯಾರೂ ಮಾಡಿದ್ದಿಲ್ಲ" ಅಂದರು. "ನಾ ಮಾಫಿ ಕೇಳಾಕ ಹೋಗ್ತಿರಲಿಲ್ಲ ತಂಗೀ, ಜುಲುಮಿಲೆ ಕಸಗೊಳ್ಳಾಕ ಹೋಗ್ತಿದ್ದೆ."

ಅವರು ಊರ ಮುಂದೆ ನಿಂತು ತಪ್ಪು ಒಪ್ಪಿಕೊಳ್ಳಲು ಹೊರಟಿದ್ದಾರೆ ಅನ್ನುವುದು ಕಿವಿಗೆ ಬಿದ್ದಾಗ ಚರ್ಚಿನ ಹಿರಿಯರು ಅವರನ್ನು ಕರೆಸಿ ಬುದ್ಧಿ ಹೇಳಿದರು. ಅದನ್ನು ಅವರ ಹೆಂಡತಿ ನನಗೆ ಹೇಳಿದ್ದು. "ದೇವ್ರು ನಿಮ್ಮನ್ನ ಕ್ಷಮಿಸಿ ಆತಲ್ಲ, ಮತ್ಯಾಕ ಕೆದರ್ತೀರಿ? ಕಾಲ ಮೊದಲಿನಂಗ ಇಲ್ಲ. ನಮ್ಮ ಮಂದಿ ಹೆಸರು ಪೇಪರಿನ್ಯಾಗ ಬಂದ್ರ ಚರ್ಚಿಗೆ ಕೆಟ್ಟ ಹೆಸರು" ಅಂದರಂತೆ.

"ದೇವ್ರು ಕ್ಷಮಿಸ್ಯಾನ, ಖರೇ. ಊರು ಇನ್ನೂ ಅವನ್ನ ಕಳ್ಳ ಅಂತೈತಲ್ರಿ" ಅಂದರಂತೆ ಇವರು. "ಕೆಟ್ಟ ಹೆಸರಿಗೆ ಅಂಜಿದ್ರ ಹೆಂಗ? ಕೆಟ್ಟ ಹೆಸರು ಹೊತಗೊಂಡು ಊರ ಹೊರಗ ಶಿಲುಬಿಗೆ ಹೋದಾವನ ಹಿಂದ ಅಲ್ಲೇನು ನಾವು ಹೊಂಟಿದ್ದು?"

ಹಾಲು ಹಾಕಲು ಡೇರಿಯ ಮುಂದೆ ಜನ ಸೇರುವ ಮುಂಜಾನೆಯ ಹೊತ್ತು ನೋಡಿಕೊಂಡು ಆ ಹಳ್ಳಿಗೆ ಹೋದರು. ರಜೆ ಹಾಕಿ ನಾನೂ ಹೋಗಿದ್ದೆ, ಸೀರೆಯಲ್ಲಿ. ಅವರು ಮಾತ್ರ ಯೂನಿಫಾರ್ಮಿನಲ್ಲಿ ಬಂದಿದ್ದರು. ಯಾಕೆ ಅಂತ ಕೇಳಿದ್ದಕ್ಕೆ "ಹೊಡದಾಗ ಇದನ್ನ ಹಾಕ್ಕೊಂಡಿದ್ದೆ" ಅಂದರು. ಡೇರಿಯ ಕಟ್ಟೆಯ ಮುಂದೆ ನಿಂತು ಟೋಪಿ ತೆಗೆದರು.

"ಕೇಳ್ರಿ. ನಿಮ್ಮ ಊರಾಗ ಮೋಟರ್ ಕಳುವಾದಾಗ ಫಕ್ಕೀರಪ್ಪನ್ನ ಹಿಡದು ಒಯ್ದಾಂವ ನಾನು. ಅಂವ ಕದ್ದಿದ್ದಿಲ್ಲ. ಕದ್ದಿಲ್ಲ ಅಂತ ಹೇಳೇ ಹೇಳಿದ. ನಾ ಕೇಳಲಿಲ್ಲ, ಕಿವಿ ಹೋಗೂ ಹಂಗ ಹೊಡದೆ. ಹೊಡತಕ್ಕ ಅಂಜಿ ಒಪ್ಪಿದ. ಅಂವ ಹೇಳಿದ್ದು ಸುಳ್ಳಲ್ಲ, ನಾ ಹೇಳಿಸಿದ್ದು ಸುಳ್ಳು. ಇನ್ನ ಮುಂದ ಯಾರಾದ್ರೂ ಅವನ್ನ ಕಳ್ಳ ಅನ್ನೂದಾದ್ರ ಮೊದಲು ನನ್ನ ಅನ್ರಿ."

ಗುಂಪಿನೊಳಗಿಂದ ಯಾರೋ, "ಹಿಂಗ ಹೇಳಾಕ ಯಾರ ಒತ್ತಾಯ ಐತ್ರಿ ಸಾಹೇಬ್ರ?" ಅಂದ. "ಐತಿ. ಮನುಷ್ಯಂದಲ್ಲ" ಅಂದರು. ಫಕ್ಕೀರಪ್ಪ ಆಗಲೇ ಕೂಲಿಗೆ ಹೋಗಿದ್ದ. ಗಂಗವ್ವ ಹಾಲಿನ ಪಾತ್ರೆ ಹಿಡಿದು ದೂರದಲ್ಲಿ ನಿಂತು, ಕೊನೆಯ ತನಕ ಕೇಳಿ ಮನೆಗೆ ಹೋದಳು.

ಅವರ ಮಾತನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಮಧ್ಯಾಹ್ನದೊಳಗೆ ಅದು ಜಿಲ್ಲೆಯ ತುಂಬ ಹರಿದಾಡಿತು. ಸಸ್ಪೆಂಡ್ ಆಯಿತು, ಇಲಾಖಾ ವಿಚಾರಣೆ ನಡೆಯಿತು. ವಿಚಾರಣೆ ಮಾಡಿದ ಅಧಿಕಾರಿ ಕೆಟ್ಟವರಲ್ಲ. "ಭಾವನೆಯ ಭರದಾಗ ಹೇಳಿದೆ ಅಂತ ಒಂದು ಮಾತು ಹೇಳ್ರಿ, ಇಲ್ಲಿಗೇ ಮುಗಸ್ತೇನಿ" ಅಂದರಂತೆ. "ಸರ್, ನಾ ಹುಟ್ಟಿದಾಗಿನಿಂದ ಸಿಟ್ಟಿನ ಮನುಷ್ಯ. ಸಮಾಧಾನದಿಂದ ಆಡಿದ್ದು ಅದೊಂದ ಮಾತು. ಅದನ್ನ ಹಿಂದಕ್ಕ ತಗೊಳ್ಳೂದಿಲ್ಲ" ಅಂದು ಬಂದರು. ಫಕ್ಕೀರಪ್ಪ ದೂರು ಕೊಟ್ಟಿದ್ದರೆ ಇವರು ಜೈಲಿಗೂ ಹೋಗುತ್ತಿದ್ದರು, ಅದಕ್ಕೂ ತಯಾರಿದ್ದರು. ಅವನು ಮತ್ತೆ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ ಅಂದ. ಮತ್ತೆ ಡ್ಯೂಟಿಗೆ ತೆಗೆದುಕೊಂಡರು, ಆದರೆ ಬಡ್ತಿ ಹೋಯಿತು. ಇವರ ಕೈಯಲ್ಲಿ ಕೆಲಸ ಕಲಿತವರು ಎಎಸ್‌ಐ ಆಗಿ ಇವರಿಗೇ ಡ್ಯೂಟಿ ಹಾಕಿದರು. ಖಾತೆಯ ಮರ್ಯಾದೆ ಕಳೆದವನು ಅಂತ ಮೆಸ್ಸಿನಲ್ಲಿ ಯಾರೂ ಅವರ ಟೇಬಲ್ಲಿಗೆ ಕೂರುತ್ತಿರಲಿಲ್ಲ. ನಾನು ಕೂರುತ್ತಿದ್ದೆ. ಹವಾಲ್ದಾರರಾಗಿಯೇ ನಿವೃತ್ತರಾದರು.

ಆ ಹಳ್ಳಿಯಲ್ಲಿ ತಪ್ಪು ಒಪ್ಪಿಕೊಂಡು ಬಂದ ಮುಂದಿನ ಭಾನುವಾರವೇ ಚರ್ಚಿನಲ್ಲಿ ಸಾಲಿನ ಕೊನೆಗೆ ನಿಂತು ರೊಟ್ಟಿ ತೆಗೆದುಕೊಂಡರು ಅಂತ ಅವರ ಹೆಂಡತಿ ಹೇಳಿದರು. ಹಿರಿಯರು ಮುಖ ತಿರುಗಿಸಿದರಂತೆ. ಪಾಸ್ಟರ್ ಕೊಟ್ಟರಂತೆ.

ಕೊನೆಯ ವರ್ಷ ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿಯಿತು. ನೋಡಲು ಹೋದಾಗ ಮಂಚದ ಮೇಲಿಂದಲೇ ನರ್ಸಿಗೆ ಬಯ್ಯುತ್ತಿದ್ದರು. ನನ್ನನ್ನು ನೋಡಿ ನಾಚಿಕೊಂಡು, "ಬಾಯಿ ಇನ್ನೂ ಫೇಲು ತಂಗೀ. ಅವನಂಗ ಆಗಬೇಕು ಅಂತ ಹೊಂಟಾಂವ, ಅರ್ಧಾ ದಾರಿನೂ ಆಗಲಿಲ್ಲ" ಅಂದರು. ಆಮೇಲೆ ಆ ನರ್ಸನ್ನು ಕರೆದು ತಪ್ಪಾಯಿತು ಅಂದರು.

ಸ್ಮರಣೆಯ ಸಭೆಯಲ್ಲಿ ಹಾರ್ಮೋನಿಯಂ ನನ್ನ ಬಾಯಿ ಮುಚ್ಚಿಸಿದ ಮರುದಿನ ನಾನು ಆ ಹಳ್ಳಿಗೆ ಹೋದೆ. ಸಾವಿನ ಸುದ್ದಿಯನ್ನು ಯಾರಾದರೂ ಹೋಗಿ ಹೇಳಬೇಕು ಅನ್ನಿಸಿತು. ಊರವರು ಫಕ್ಕೀರಪ್ಪನ ಕ್ಷಮೆ ಕೇಳಿದರೋ ಇಲ್ಲವೋ ತಿಳಿಯದು. ಆದರೆ ಊರಿಗೆ ಕುಡಿಯುವ ನೀರು ಬಿಡುವ ಪಂಪ್‌ಹೌಸಿನ ಕೀಲಿ ಈಗ ಅವನ ಉಡಿದಾರದಲ್ಲಿದೆ. ಪಂಚಾಯಿತಿಯವರು ತಾವೇ ಕರೆದು ಕೊಟ್ಟರಂತೆ. ಪಂಪ್‌ಹೌಸಿನ ಮುಂದೆ ಕೂತಿದ್ದ. ನಾನು ಅವನ ಬಲಗಡೆ ಕೂತು ಹೇಳಿದೆ.

"ನಾ ಅವಂಗ ಮಾಫ್ ಮಾಡಿಲ್ರಿ" ಅಂದ. "ಸತ್ತಾನ ಅಂತ ಈಗ ಮಾಡೂದೂ ಇಲ್ಲ."

"ಮಾಡ್ರಿ ಅಂತ ಹೇಳಾಕ ಬಂದಿಲ್ಲಣ್ಣಾ. ಸುದ್ದಿ ಹೇಳಾಕ ಬಂದೆ."

"ಖರೇ ಹೇಳಿದ, ಅದೊಂದು ಐತಿ. ಪೊಲೀಸ್ ಡ್ರೆಸ್ಸಿನ್ಯಾಗ ಊರ ಮುಂದ ನಿಂತು ನಂದು ತಪ್ಪು ಅಂದಾವನ್ನ ನಾ ಮತ್ತ ನೋಡಿಲ್ಲ." ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವೂ ಪೊಲೀಸರಲ್ಲ? ಅಂಥಾದ್ದು ಕಣ್ಣೆದುರಿಗೆ ಆದ್ರ ನೀವು ಹೇಳ್ತೀರೇನು?"

ಹೇಳ್ತೇನಿ ಅಂದೆ. ನನ್ನ ನೌಕರಿ ಇನ್ನೂ ಮುಗಿದಿಲ್ಲ. ಇದನ್ನು ಇಲಾಖೆಯಲ್ಲಿ ಯಾರಿಗೆ ಬೇಕೋ ಅವರು ಓದಿಕೊಳ್ಳಲಿ.